ತಲೆಗೆ ಹಚ್ಚಿದ ಕಪ್ಪು ಇಳಿಸಿದ್ದು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಐವತ್ತೊಂದರಲ್ಲಿ. ಆರನೇ ಕ್ಲಾಸು ಇನ್ನೂ ಮುಗಿದಿರಲಿಲ್ಲ. ಬಿಡಿಸಿದರು ಅಂತ ನಮ್ಮ ನೆಂಟರು ಹೇಳುವುದುಂಟು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪನ ಎದೆಯಲ್ಲಿ ಚಿನ್ನದ ಗಣಿಯ ಧೂಳು ಕೂತು, ಕೆಮ್ಮಿ ಕೆಮ್ಮಿ ಆ ವರ್ಷ ಹೋಗಿಬಿಟ್ಟ. ಅಣ್ಣ ಆಗಲೇ ಗಣಿಯೊಳಗೆ ಇಳಿಯುತ್ತಿದ್ದ. ಅವನೊಬ್ಬ ದುಡಿದು ತಂದಿದ್ದನ್ನ ಕೂತು ತಿನ್ನುವುದು ನನಗೆ ಸರಿಬರಲಿಲ್ಲ. ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿ ಕುಲುಮೆಗೆ ಸೇರಿದೆ.

ಕುಲುಮೆ ಅಂದರೆ ಗಣಿಯ ಮೇಲುಗಡೆ ಇದ್ದ ಕಮ್ಮಾರ ಶೆಡ್ಡು. ಒಳಗೆ ಬಂಡೆ ಕೊರೆಯುವ ಉಕ್ಕಿನ ಸಲಾಕೆಗಳು ಮೊಂಡಾಗಿ ಮೇಲೆ ಬರುತ್ತಿದ್ದವು. ಅವನ್ನ ಕೆಂಪಗೆ ಕಾಯಿಸಿ, ಬಡಿದು, ಮೊನೆ ಹಾಕಿ, ನೀರಿಗೆ ಅದ್ದಿ ವಾಪಸ್ ಕಳಿಸುವುದು ನಮ್ಮ ಕೆಲಸ. ಮೊದಮೊದಲು ತಿದಿ ಒತ್ತಿದೆ, ಆಮೇಲೆ ಸುತ್ತಿಗೆ ಹಿಡಿದೆ. ನಾನು ಮೊನೆ ಹಾಕಿದ ಸಲಾಕೆಯನ್ನ ಒಳಗಿನವರು ಕೇಳಿ ತಗೊಂಡು ಹೋಗುತ್ತಿದ್ದರು. ಇದು ನಾನು ಹೇಳಿಕೊಳ್ಳುವ ಮಾತಲ್ಲ, ಅವರು ಹೇಳುತ್ತಿದ್ದದ್ದು.

ನಮ್ಮ ಮನೆ ಚಾಂಪಿಯನ್ ರೀಫ್ಸಿನ ಲೈನಿನಲ್ಲಿತ್ತು, ಗಣಿ ಆಳುಗಳ ಸಾಲುಮನೆಗಳಲ್ಲಿ, ಬಿದಿರು ತಟ್ಟಿಯ ಗೋಡೆಯ ಮನೆ. ಬಾಗಿಲಲ್ಲಿ ಕೂತರೆ ಗಣಿಗೆ ಇಳಿಯುವ ಬಾವಿಯ, ಅಂದರೆ ಶಾಫ್ಟಿನ, ಮೇಲಿನ ದೊಡ್ಡ ಚಕ್ರಗಳು ಕಾಣುತ್ತಿದ್ದವು. ಬಹಳ ವರ್ಷ ಒಳಗೆ ಇಳಿದ ಅಪ್ಪ ಕೊನೆಗೆ ಆ ಶಾಫ್ಟಿನ ಬಾಯಲ್ಲೇ ಕೆಲಸ ಮಾಡುತ್ತಿದ್ದ. ಆಳುಗಳನ್ನ ಇಳಿಸಿ ಏರಿಸುವ ಕಬ್ಬಿಣದ ಪಂಜರಕ್ಕೆ, ಕೇಜಿಗೆ, ಹತ್ತಿಸಿ, ಬಾಗಿಲು ಹಾಕಿ, ಗಂಟೆ ಕೊಡುವುದು. ಎಷ್ಟು ಗಂಟೆ ಹೊಡೆದರೆ ಆಳು ಇಳಿಯುತ್ತಾರೆ, ಎಷ್ಟು ಹೊಡೆದರೆ ಏನೋ ಆಗಿದೆ ಅಂತ, ಅಮ್ಮನಿಗೆ ಎಲ್ಲಾ ಬಾಯಿಪಾಠ. ಅಡುಗೆ ಮಾಡುತ್ತಲೇ ಹೇಳುತ್ತಿದ್ದಳು, "ಈಗ ಇಳುದ್ರು," "ಈಗ ಮೇಲಕ್ ಅತ್ತುದ್ರು" ಅಂತ. ಒಂದು ಶಾಫ್ಟಿಗೆ ಕೇಜು ಎರಡು. ಒಂದೇ ಎಂಜಿನ್ನಿನ ಎರಡು ಹಗ್ಗಕ್ಕೆ ಅವು ತೂಗುತ್ತವೆ. ಒಂದು ಮೇಲೆ ಬರಬೇಕಾದರೆ ಇನ್ನೊಂದು ಕೆಳಗೆ ಹೋಗಬೇಕು, ಬಾವಿಯಲ್ಲಿ ಎರಡು ಕೊಡ ಕಟ್ಟಿದ ಹಾಗೆ. ನಮ್ಮ ಲೈನಿನಲ್ಲಿ ಹುಟ್ಟಿದ ಮಕ್ಕಳಿಗೂ ಇದು ಗೊತ್ತು.

ಐವತ್ತೆಂಟರಲ್ಲಿ ಒಳಗೆ ಬಂಡೆ ಸಿಡಿದು ಅಣ್ಣ ಇದ್ದ ಜಾಗ ಕುಸಿಯಿತು. ಜೊತೆಯವರನ್ನ ತೆಗೆದರು. ಅಣ್ಣ ಸಿಗಲಿಲ್ಲ. ಕೆದಕಿದಷ್ಟೂ ಬಂಡೆ ಬೀಳುತ್ತಿತ್ತು. ಕೊನೆಗೆ ಆ ದಾರಿಗೇ ಗೋಡೆ ಕಟ್ಟಿಬಿಟ್ಟರು. ಹೇಳಲಿಕ್ಕೆ ಬಂದ ಮೇಸ್ತ್ರಿಗೆ ಅಮ್ಮ ಅಂದಿದ್ದು ಒಂದೇ ಮಾತು: "ಎಣ ತೋರ್ಸಿ. ಆಮ್ಯಾಕೆ ಅಳ್ತೀನಿ."

ತೋರಿಸಲಿಲ್ಲ, ಅವಳು ಅಳಲಿಲ್ಲ. ತಿಥಿ ಮಾಡಲು ಬಿಡಲಿಲ್ಲ. ಪಿತೃಪಕ್ಷದಲ್ಲಿ ಅಪ್ಪನಿಗೆ ಎಡೆ ಇಟ್ಟಾಗ ಅಣ್ಣನಿಗೆ ಇಡಲು ಹೋದರೆ ಎಲೆ ಕಿತ್ತು ಎಸೆದಳು. ನನ್ನ ಕೈಲಿ ಮಾತ್ರ ಒಂದು ಮಾತು ತಗೊಂಡಳು: ಏನೇ ಆದರೂ ನಾನು ಒಳಗೆ ಇಳಿಯಕೂಡದು. ನಾನು ಮೇಲೆಯೇ ಉಳಿದೆ.

ಆಮೇಲೆ ಅಮ್ಮನ ಕಣ್ಣಿಗೆ ಪೊರೆ ಬಂತು. ಎರಡು ಮೂರು ವರ್ಷದಲ್ಲಿ ಬೆಳಕು ನೆರಳು ಬಿಟ್ಟರೆ ಏನೂ ಕಾಣದ ಹಾಗಾಯಿತು. ನನ್ನನ್ನ ಮಾತ್ರ ಬೀದಿ ತುದಿಯಲ್ಲೇ ಗುರುತು ಹಿಡಿಯುತ್ತಿದ್ದಳು. ಯಾಕೆಂದರೆ ನನ್ನದು ಬಾಲನೆರೆ. ಹದಿನಾರಕ್ಕೆ ಶುರುವಾಗಿ ಇಪ್ಪತ್ತೊಂದಕ್ಕೆ ತಲೆ ಪೂರ್ತಿ ಹತ್ತಿ. ಗಡ್ಡ ಮೀಸೆ ಕಪ್ಪೇ, ತಲೆ ಮಾತ್ರ ಬಿಳಿ. ಕುಲುಮೆಯಲ್ಲಿ ನನ್ನ ಹೆಸರೇ ತಾತ. "ತಾತಾ, ತಲೇಲಿ ಬೂದಿ ಕೂತದೆ, ಒದರ್ಕೋ!" ಅಂತ ದಿನಾ ಯಾರಾದರೊಬ್ಬ ಅನ್ನುತ್ತಿದ್ದ. ಕೆಲಸದಲ್ಲಿ ನನ್ನ ಸಮಕ್ಕೆ ಬರದವರು ಇನ್ನೇನು ಅಂದಾರು ಅಂತ ನಾನು ಸುಮ್ಮನಿರುತ್ತಿದ್ದೆ.

ಸುಮ್ಮನಿರಲಾಗದೆ ಹೋದದ್ದು ಕಾಮಸಮುದ್ರದಲ್ಲಿ. ನನಗೆ ಮದುವೆಯಾಗಿ ಒಂದು ವರ್ಷ. ಹೆಂಡತಿ ಬಂಗಾರಪೇಟೆಯವಳು. ಅವಳ ಕಡೆಯ ಮದುವೆಗೆ ಕಾಮಸಮುದ್ರಕ್ಕೆ ಹೋಗಿದ್ದೆವು. ಚಪ್ಪರದ ಕೆಳಗೆ ಒಬ್ಬ ಮುದುಕಿ ನನ್ನ ಹೆಂಡತಿಗೆ, "ಯಾಕಮ್ಮಿ, ನಿಮ್ಮಪ್ಪನ್ನ ನಿಲ್ಸೇ ಬಿಟ್ಟಿದ್ದೀಯಲ್ಲ, ವಯಸ್ಸಾದೋರು, ಒಂದು ಚಾಪೆ ಆಕ್ಬಾರ್ದಾ?" ಅಂದಳು. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಚಪ್ಪರವೇ ನಕ್ಕಿತು. ನಾನು ಊಟ ಮಾಡದೆ ಬಸ್ಸು ಹತ್ತಿದೆ.

ಅರವತ್ತನಾಲ್ಕರಲ್ಲಿ ಅವಳು ಬಸುರಿಯಾದಳು. ಏಳನೇ ತಿಂಗಳಿಗೆ ಬಂಗಾರಪೇಟೆಯಲ್ಲಿ ಬಳೆ ತೊಡಿಸುವ ಶಾಸ್ತ್ರ ಇಟ್ಟುಕೊಂಡರು, ಅವಳು ವಾರ ಮೊದಲೇ ಅಲ್ಲಿಗೆ ಹೋದಳು. ಅದೇ ನೆಂಟರು, ಅದೇ ಮುದುಕಿ ಬರುತ್ತಾಳೆ. ನಾನು ಆಂಡರ್ಸನ್‌ಪೇಟೆಯ ಅಂಗಡಿಯಿಂದ ತಲೆಗೆ ಹಚ್ಚುವ ಕರಿ ಪುಡಿಯ ಪೊಟ್ಟಣ ತಂದೆ. ತೆಂಗಿನ ಚಿಪ್ಪಿನಲ್ಲಿ ಕಲಸಿ, ಹಳೇ ಶೇವಿಂಗ್ ಬ್ರಷ್ಷಿನಲ್ಲಿ ಹಿತ್ತಲಲ್ಲಿ ಕೂತು ಹಚ್ಚಿಕೊಂಡೆ. ಮೂಗು ಸುಡುವಂಥ ಘಾಟು. ತೊಳೆದು ಕನ್ನಡಿ ನೋಡಿದರೆ ಕೆಲಸ ಚೆನ್ನಾಗಿಯೇ ಆಗಿತ್ತು, ಕಾಗೆ ರೆಕ್ಕೆ ಹಾಗೆ. ಬೆಳಗ್ಗೆ ಅಮ್ಮ ಏಳುವ ಮೊದಲೇ ರೈಲು ಹತ್ತಿದೆ. ಅಮ್ಮನನ್ನ ನೋಡಿಕೊಳ್ಳಲು ಪಕ್ಕದ ಮನೆಯ ತಮಿಳು ಅಕ್ಕನಿಗೆ ಹೇಳಿದ್ದೆ.

ಬಂಗಾರಪೇಟೆಯಲ್ಲಿ ಎಲ್ಲರೂ ಮೆಚ್ಚಿದರು. ಆ ಮುದುಕಿಯೂ ಬಂದು "ಇವ್ರು ಯಾರು, ಮೈದ್ನನಾ?" ಅಂದಳು, ಅದಕ್ಕೂ ನಕ್ಕರು, ಈ ಸಲ ನಾನೂ ನಕ್ಕೆ. ಹೆಂಡತಿ ಮಾತ್ರ ನಗಲಿಲ್ಲ. ಹಸಿರು ಬಳೆ ತುಂಬಿದ ಕೈಯಲ್ಲಿ ಎಲೆ ಅಡಿಕೆ ಕೊಡುವಾಗ ನನ್ನ ಮುಖ ನೋಡಲಿಲ್ಲ. ಒಳಗೆ ಕರೆದು ಕೇಳಿದೆ.

"ಏನೂ ಇಲ್ಲ ಬಿಡಿ. ನೀವು ಬಾಗ್ಲಲ್ಲಿ ನಿಂತಾಗ ಯಾರೋ ಗೊತ್ತಿಲ್ದೋರು ಬಂದಂಗಾಯ್ತು. ಮಗು ಒಳಗೆ ಒದೀತು."

ಶಾಸ್ತ್ರ ಆದ ಮೇಲೆ ಅವಳನ್ನ ಹೆರಿಗೆಗೆ ಅಲ್ಲೇ ಬಿಟ್ಟು ನಾನು ಸಂಜೆಯ ರೈಲಿಗೆ ವಾಪಸ್ ಬಂದೆ.

ಹೊತ್ತು ಇನ್ನೂ ಮುಳುಗಿರಲಿಲ್ಲ. ಚಿನ್ನ ತೆಗೆದು ಸುರಿದ ಬಿಳಿ ಮಣ್ಣಿನ ಸೈನೈಡ್ ದಿಬ್ಬದ ಮೇಲೆ ಕೊನೇ ಬಿಸಿಲು ಬಿದ್ದು ಲೈನಿನ ತುಂಬ ಒಂಥರಾ ಬಿಳಿ ಬೆಳಕಿತ್ತು. ಅಮ್ಮ ಬಾಗಿಲಲ್ಲಿ ಕೂತಿದ್ದಳು. ನಾನು ಚಪ್ಪಲಿ ಬಿಡಲು ಬಗ್ಗಿದೆ. ಅವಳ ಮುಖ ನನ್ನ ತಲೆಯ ಕಡೆ ತಿರುಗಿತು, ಅಲ್ಲೇ ನಿಂತಿತು. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮಾಮೂಲಿನಂತೆ, ಶಿಫ್ಟು ಮುಗಿಸಿ ಬಂದವನಿಗೆ ಹೇಳುವ ಹಾಗೆ ಅಂದಳು:

"ದೊಡ್ಡೋನೇ, ಬಂದ್ಯಾ? ನೀರು ಕಾದದೆ, ಮೈ ತೊಳ್ಕೋ ಓಗು."

ದೊಡ್ಡೋನು ಅಂದರೆ ಅಣ್ಣ. ನಾನು ಚಿಕ್ಕೋನು. ಅವಳು ನಮ್ಮನ್ನ ಹೆಸರು ಹಿಡಿದು ಕರೆದವಳೇ ಅಲ್ಲ.

"ಅಮ್ಮಾ, ನಾನು. ಚಿಕ್ಕೋನು."

"ಲೇ, ಬಂದ ತಕ್ಷಣ ಶುರು ಮಾಡ್ದಾ ತಮಾಷೆ?" ಅಂತ ಅವಳು ನನ್ನ ತಲೆ ಹಿಡಿದು ಮೂಸಿದಳು. "ಮದ್ದಿನ ವಾಸ್ನೆ ಇನ್ನೂ ಓಗಿಲ್ಲ ನೋಡು." ಬಂಡೆ ಒಡೆಯುವ ಮದ್ದಿನ ಹೊಗೆ ಒಳಗಿನವರ ಕೂದಲಲ್ಲಿ ಸೇರಿಕೊಂಡಿರುತ್ತಿತ್ತು. ಆ ಪುಡಿಯ ಘಾಟು ಅದಕ್ಕೇ ಹತ್ತಿರ. ನನಗೂ ಆಗಲೇ ಹೊಳೆದದ್ದು.

ನನ್ನ ದನಿಯೂ ಅಣ್ಣನ ದನಿಯೂ ಒಂದೇ. ಎತ್ತರ ಒಂದೇ. ಅಡ್ಡವಿದ್ದದ್ದು ತಲೆಗೂದಲು ಮಾತ್ರ, ಅದನ್ನ ನಾನೇ ತೆಗೆದು ಹಾಕಿದ್ದೆ. ಪಕ್ಕದ ಮನೆಯ ಅಕ್ಕ ಬಂದು, "ಅಮ್ಮಾ, ಇದು ನಮ್ಮ ಚಿನ್ನ ತಂಬಿ. ತಲೆಗೆ ಮೈ ಬಳ್ಕೊಂಡಿದ್ದಾನೆ, ಮೈ!" ಅಂತ ಕೂಗಿ ಹೇಳಿದಳು. ಚಿನ್ನ ತಂಬಿ ಅಂದರೆ ಅವಳ ತಮಿಳಿನಲ್ಲಿ ಚಿಕ್ಕ ತಮ್ಮ, ಮೈ ಅಂದರೆ ಕಾಡಿಗೆ. ಅಮ್ಮ ಅವಳ ಕಡೆ ತಿರುಗಿ, "ನಿಂಗೇನು ಕಣ್ಣು ಕಾಣಾಕಿಲ್ವಾ?" ಅಂದಳು. ಅಕ್ಕ ನಗಲಾರದೆ ನನ್ನ ಮುಖ ನೋಡಿದಳು.

ಬೆಳಗ್ಗೆ ಎದ್ದರೆ ಸರಿಹೋಗುತ್ತೆ ಅಂದುಕೊಂಡೆ. ಬೆಳಗ್ಗೆ ಅವಳು ಮುದ್ದೆ ಮಾಡಿ, ಅಣ್ಣನಿಗೆ ಸೇರುತ್ತಿದ್ದ ಹುರುಳಿ ಸಾರು ಕಾಯಿಸಿ, ಕೂರಿಸಿ ಬಡಿಸಿದಳು. ನಾನು ನೀರು ಕುಡಿಯುತ್ತಿದ್ದಾಗ, "ಎಡಗೈಲಿ ಲೋಟ ಇಡೀಬ್ಯಾಡ ಅಂದ್ರೆ ನೀನು ಕೇಳೋನೇ ಅಲ್ಲ," ಅಂದಳು. ಅಣ್ಣ ಎಡಚ. ನೋಡಿದರೆ ಲೋಟ ನನ್ನ ಎಡಗೈಯಲ್ಲೇ ಇತ್ತು. ಅದು ಅಲ್ಲಿಗೆ ಹೇಗೆ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ಅವಳಿಗೆ ಲೋಟ ಹೇಗೆ ಕಂಡಿತು ಅನ್ನುವುದೂ ಗೊತ್ತಿಲ್ಲ.

ನಾನು ಉಂಡೆ. ಅವಳು ಉಣ್ಣಲಿಲ್ಲ.

"ಚಿಕ್ಕೋನು ಬರ್ಲಿ, ಆಮ್ಯಾಕೆ ಉಣ್ತೀನಿ."

ಮಧ್ಯಾಹ್ನ ಕುಲುಮೆಯಿಂದ ಓಡಿ ಬಂದು ನೋಡಿದೆ. ಹಾಗೇ ಕೂತಿದ್ದಳು, ಮುಖ ಶಾಫ್ಟಿನ ಕಡೆ. ಸಂಜೆ ಬಂದಾಗಲೂ ಹಾಗೇ. ತಟ್ಟೆ ಮುಂದಿಟ್ಟರೆ ಕೈಯಲ್ಲಿ ಸರಿಸುತ್ತಿದ್ದಳು. ಬರೀ ನೀರು. ಮಾರನೇ ದಿನವೂ ಅಷ್ಟೇ. ಮೊದಲೇ ಕಡ್ಡಿಯಂಥ ಹೆಂಗಸು. ಆಸ್ಪತ್ರೆಗೆ ಹೋಗೋಣ ಅಂದರೆ "ಚಿಕ್ಕೋನು ಬಂದು ಕರ್ಕೊಂಡೋಗ್ಲಿ" ಅನ್ನುತ್ತಾಳೆ. ತಲೆಗೆ ಬಿಳಿ ಟವೆಲು ಸುತ್ತಿಕೊಂಡು ಎದುರಿಗೆ ನಿಂತೆ. "ಮನೇಲೂ ಯಾತಕ್ಕೆ ಸುತ್ಕೊಂಡಿದ್ದೀಯಾ, ತೆಗಿ" ಅಂತ ಎಳೆದು ಹಾಕಿದಳು. ಅಣ್ಣನೂ ಟವೆಲು ಸುತ್ತುತ್ತಿದ್ದವನೇ.

ಈ ತಲೆಯನ್ನ ಮತ್ತೆ ಬೆಳ್ಳಗೆ ಮಾಡಬೇಕು, ಅದೂ ಬೇಗ. ಇಲ್ಲದಿದ್ದರೆ ನಾನು ಎದುರಿಗೆ ಕೂತಿರುವಾಗಲೇ ನನಗೋಸ್ಕರ ಕಾದು ಕಾದು ಅಮ್ಮ ಹೋಗಿಬಿಡುತ್ತಾಳೆ. ಅಷ್ಟು ನನಗೆ ಖಚಿತವಾಯಿತು.

ಬೋಳಿಸಿದರೆ ಮುಗಿಯಿತಲ್ಲ ಅಂತ ಈಗಿನವರು ಕೇಳುತ್ತೀರಿ. ಹೆಂಡತಿ ಬಸುರಿಯಾಗಿರುವಾಗ ಗಂಡ ಹೆಣ ಹೊರಬಾರದು, ಹೊಸ ಮನೆಗೆ ಪಾಯ ಹಾಕಬಾರದು, ಕೂದಲಿಗೆ ಕತ್ತರಿ ಸೋಕಿಸಬಾರದು. ನಮ್ಮಲ್ಲಿ ಇದನ್ನ ಮೀರಿದವರಿಲ್ಲ. ಆದರೂ ಒಂದು ಮಾತು ಕೇಳೋಣ ಅಂತ ಆಂಡರ್ಸನ್‌ಪೇಟೆಯ ಹಜಾಮನ ಹತ್ತಿರ ಹೋದೆ. ನಾನು ಕುರ್ಚಿಯ ಮೇಲೆ ಕೂತು ಬೋಳಿಸು ಅನ್ನುತ್ತಲೇ ಅವನು ಕತ್ತಿ ಮಡಿಚಿದ.

"ಮನೇಲಿ ಎಷ್ಟು ತಿಂಗ್ಳಣ್ಣಾ?"

"ಏಳು ತುಂಬಿದೆ."

"ಹಂಗಾದ್ರೆ ಎದ್ದು ಓಗಣ್ಣಾ. ನಾಳೆ ಏನಾದ್ರೂ ಆದ್ರೆ ನಿನ್ ಎಂಡ್ತಿ ನನ್ನ ಅಂಗ್ಡಿ ಮುಂದೆ ಮಣ್ಣು ತೂರ್ತಾಳೆ. ತಾಯಿ ಬದ್ಕಿರೋವಾಗ ಬೋಳು ತಲೇಲಿ ಅವಳ ಮುಂದೆ ನಿಲ್ತೀಯಾ? ಅವಳು ಯಾರು ಸತ್ರು ಅನ್ಕೋಬೇಕು?"

ಅವನು ಹೇಳಿದ್ದು ಸರಿಯಾಗಿತ್ತು. ಎದ್ದು ಬಂದೆ.

ಮದುವೆ ಶಾಸ್ತ್ರಗಳಿಗೆ ಬಿಟ್ಟರೆ ಹದಿಮೂರು ವರ್ಷದಲ್ಲಿ ಮೊದಲ ಸಲ ಕುಲುಮೆಗೆ ರಜೆ ಹೇಳಿ ಹಿತ್ತಲಲ್ಲಿ ಕೂತೆ. ಮೊದಲು ಸೀಗೆಪುಡಿ. ನೀರು ಸ್ವಲ್ಪ ಕಪ್ಪಾಗಿ ಹರಿಯಿತು, ಖುಷಿಯಾಯಿತು. ಎರಡನೇ ಸಲಕ್ಕೆ ನೀರು ತಿಳಿಯಾಯಿತು, ತಲೆ ಮಾತ್ರ ಹಾಗೇ. ಅಂಟುವಾಳದ ಕಾಯಿ ನೆನೆಸಿ ನೊರೆ ಮಾಡಿ ತಿಕ್ಕಿದೆ. ಹರಳೆಣ್ಣೆ ಬಿಸಿ ಮಾಡಿ ಹಚ್ಚಿ, ಬಿಸಿ ಬಟ್ಟೆ ಸುತ್ತಿ, ಬಿಸಿಲಲ್ಲಿ ಕೂತು ತೊಳೆದೆ. ಬಟ್ಟೆಗೆ ಒಂದಿಷ್ಟು ಮಸಿ ಬಂತು. ನಿಂಬೆಹಣ್ಣು ಹಿಂಡಿ ತಿಕ್ಕಿದೆ. ಹಣೆಯ ಮೇಲಿನ ಕಲೆ ಹೋಯಿತು, ಕೂದಲು ಹೋಗಲಿಲ್ಲ. ಅಗಸರವನ ಹತ್ತಿರ ಹೋಗಿ ಸೌಳು ಮಣ್ಣು ಕೇಳಿದೆ. ಬಟ್ಟೆಯ ಕೊಳೆ ಬಿಡಿಸಲು ಅವರು ಉಪಯೋಗಿಸುವ ಮಣ್ಣು.

"ಯಾತಕ್ಕಪ್ಪಾ?"

"ತಲೆಗೆ."

"ತಲೇನ ನನ್ ಅತ್ರ ಕೊಟ್ಟೋಗು, ಉಬ್ಬೆಗೆ ಆಕಿ ಬೇಯ್ಸಿ ಕೊಡ್ತೀನಿ," ಅಂತ ಅವನು ಕತ್ತೆಯ ಬೆನ್ನು ತಟ್ಟಿ ನಕ್ಕ.

ಸೌಳು ತಲೆಬುರುಡೆಯನ್ನ ಸುಟ್ಟಿತು. ಕೂದಲು ಒಣಗಿದ ಹುಲ್ಲಿನ ಹಾಗೆ ನಿಂತಿತು, ಕಪ್ಪು ಸ್ವಲ್ಪ ಮಾಸಿತು, ಅಷ್ಟೇ. ಕತ್ತರಿಸದೆ ಬಿಟ್ಟಿದ್ದ ಕೂದಲು ಕಿವಿಯ ಮೇಲೆ ಬಂದಿತ್ತು. ಅಣ್ಣ ಇಟ್ಟುಕೊಳ್ಳುತ್ತಿದ್ದದ್ದೂ ಹಾಗೆಯೇ. ತಟ್ಟಿಗೆ ಸಿಕ್ಕಿಸಿದ್ದ ಕನ್ನಡಿಯಲ್ಲಿ ನೋಡಿಕೊಂಡೆ. ಅಲ್ಲಿದ್ದವನಿಗೆ ನನ್ನ ವಯಸ್ಸಿರಲಿಲ್ಲ. ಅಣ್ಣ ಹೋದಾಗ ಅವನಿಗೆಷ್ಟೋ ಅಷ್ಟೇ ಇತ್ತು. ಕನ್ನಡಿ ತೆಗೆದು ಗೋಡೆಯ ಕಡೆ ತಿರುಗಿಸಿ ಇಟ್ಟೆ.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಅಕ್ಕ ಒಂದು ಉಪಾಯ ಹೇಳಿದಳು. "ತಂಬಿ, ಅಮ್ಮನಿಗೆ ಕಣ್ಣು ಸರಿಯಿಲ್ಲ. ಒಲೆ ಬೂದಿ ಜರಡಿ ಹಿಡಿದು ತಲೆಗೆ ಹಚ್ಕೋ. ಬೆಳ್ಳಗೆ ಕಾಣ್ತದೆ. ಒಂದು ತುತ್ತು ತಿನ್ಲಿ, ಸಾಕು." ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಅನ್ನಿಸಿತು. ಸಣ್ಣ ಬೂದಿ ತೆಗೆದು ತಲೆ ತುಂಬ ಸವರಿ, ಬೀದಿಯ ಕಡೆಯಿಂದ ಬಂದವನಂತೆ ಬಾಗಿಲಲ್ಲಿ ನಿಂತೆ. ನಡು ಮಧ್ಯಾಹ್ನ, ಬೀದಿಯಲ್ಲಿ ಒಂದು ನಾಯಿಯೂ ಇಲ್ಲ.

"ಅಮ್ಮಾ."

ಅವಳ ಮುಖ ಅರಳಿತು. "ಚಿಕ್ಕೋನೇ!" ಎರಡೂ ಕೈ ಚಾಚಿದಳು. ನಾನು ಕೂತೆ. ಅವಳು ತಲೆ ಸವರಿದಳು. ಸವರುತ್ತಿದ್ದ ಕೈ ನಿಂತಿತು. ಬೆರಳುಗಳನ್ನ ಒಂದಕ್ಕೊಂದು ಉಜ್ಜಿದಳು, ಮೂಗಿನ ಹತ್ತಿರ ಹಿಡಿದಳು. ಆಮೇಲೆ ಎರಡೂ ಕೈಯಿಂದ ನನ್ನ ಕೂದಲು ಜೋರಾಗಿ ಒದರಿದಳು. ಬೂದಿ ಅವಳ ಮಡಿಲಿಗೆ ಉದುರಿತು, ಕೆಳಗೆ ಕಪ್ಪು ಕಂಡಿತು.

"ಬೂದಿ," ಅಂದಳು. "ಒಳಗೆ ಬೆಂಕಿ ಬಿದ್ದೈತೇನ್ಲಾ?"

ಗಣಿಯೊಳಗೆ ಮರದ ಆಸರೆಗಳಿಗೆ ಬೆಂಕಿ ಹತ್ತಿದರೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿತ್ತು.

"ದೊಡ್ಡೋನೇ, ನಿಜ ಏಳು. ನೀನು ಎಂಗೆ ಮೇಲಕ್ ಬಂದೆ? ಅವನ್ನ ಇನ್ನೊಂದು ಕೇಜಿಗೆ ಅತ್ತಿಸ್ಬುಟ್ಟು ಬಂದ್ಯಾ? ನೀನು ಬಂದಾಗ್ಲಿಂದ ಅವನು ಕಾಣಾಕಿಲ್ಲ. ನಾನು ಗಂಟೆ ಕೇಳ್ತಾನೇ ಇವ್ನಿ. ಒಂದು ಮೇಲಕ್ ಬಂದ್ರೆ ಒಂದು ಕೆಳಕ್ ಓಗ್ಬೇಕು. ಸುಮ್ ಸುಮ್ಕೆ ಯಾರನ್ನೂ ಮೇಲಕ್ ಬಿಡಾಕಿಲ್ಲ ಅಲ್ಲಿ."

ಆಮೇಲೆ ಅವಳು ನನ್ನ ಗದ್ದ ಹಿಡಿದುಕೊಂಡಳು. ಕೈ ಒಣ ಎಲೆಯ ಹಾಗಿತ್ತು.

"ನಾಯ್ನಾ, ನನ್ನಪ್ಪಾ, ನೀನು ಬಂದಿದ್ದು ನಂಗೆ ಸಂತೋಸಾನೇ. ಆರು ವರ್ಷ ಕಾದಿವ್ನಿ. ಆದ್ರೆ ಅವನ ಎಂಡ್ತಿ ಬಸ್ರಿ ಕಣ್ಲಾ. ನಿಂಗೆ ಎಂಡ್ತಿ ಇಲ್ಲ, ಮಕ್ಳಿಲ್ಲ. ನೀನು ವಾಪಸ್ ಇಳುದ್ ಓಗು. ಅವನ್ನ ಮೇಲಕ್ ಅತ್ತಿಸು. ನನ್ ಮ್ಯಾಲೆ ಕ್ವಾಪ ಮಾಡ್ಕೋಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಸರಿದಳು. ನಾನು ಸಣ್ಣವನಿದ್ದಾಗಿನಿಂದ ಕೆಂಪು ಕಬ್ಬಿಣ ಹಿಡಿದವನು, ಹೆದರುವವನಲ್ಲ. ಆವತ್ತು ಹೆದರಿದೆ. ನನ್ನನ್ನ ಉಳಿಸಲು ನನ್ನ ಗದ್ದವನ್ನೇ ಹಿಡಿದು, ಹೋಗು ಅನ್ನುತ್ತಿದ್ದಳು. ನನ್ನೊಳಗೆ ಅಣ್ಣ ಇದ್ದರೆ ಅವನಿಗೆ ಆ ಮಾತು ಎಷ್ಟು ಸುಟ್ಟಿತೋ. ಅಂಥ ಯೋಚನೆ ಮಾಡುವ ಮನುಷ್ಯನಲ್ಲ ನಾನು, ಆದರೂ ಬಂತು.

"ಆಯ್ತಮ್ಮಾ," ಅಂದೆ. "ಓಗ್ತೀನಿ."

ಅವಳು ತಡಕಾಡುತ್ತಾ ಎದ್ದು, ಬೆಳಗ್ಗಿನ ಮುದ್ದೆ ಒಂದು ಬಟ್ಟೆಯಲ್ಲಿ ಕಟ್ಟಿ, ಒಂದು ಈರುಳ್ಳಿ ಇಟ್ಟು ಗಂಟು ಹಾಕಿದಳು. ಅಣ್ಣನಿಗೆ ಕಟ್ಟುತ್ತಿದ್ದ ಹಾಗೆಯೇ. ಬಾಗಿಲ ತನಕ ಬಂದಳು. "ತಲೆ ಜ್ವಾಪಾನ," ಅಂದಳು. ಒಳಗೆ ಇಳಿಯುವವರಿಗೆ ಅಪ್ಪ ಹೇಳುತ್ತಿದ್ದ ಮಾತು ಅದು. ನಾನು ತಿರುಗಿ ನೋಡಲಿಲ್ಲ. ಬೀದಿ ತುದಿಗೆ ಬಂದಾಗ ಹಿಂದಿನಿಂದ ಒಂದು ಸದ್ದು ಕೇಳಿಸಿತು. ಆರು ವರ್ಷದಲ್ಲಿ ಮೊದಲ ಸಲ ಅವಳು ಅಳುತ್ತಿದ್ದಳು.

ಆ ಗಂಟು ನನಗೆ ಕಟ್ಟಿದ್ದಲ್ಲ. ನಾನು ತಿನ್ನಲಾರೆ, ಬಿಸಾಡಲಾರೆ. ಶಾಫ್ಟಿನ ಹತ್ತಿರ ಹೋದೆ. ಮಧ್ಯಾಹ್ನದ ಶಿಫ್ಟಿಗೆ ಇಳಿಯುವವರು ಸಾಲಾಗಿ ನಿಂತಿದ್ದರು. ಅಣ್ಣನ ಜೊತೆ ಕೆಲಸ ಮಾಡಿದ ಒಬ್ಬ ಹಳಬ ಅದರಲ್ಲಿದ್ದ. ಅವನು ನನ್ನನ್ನ ನೋಡಿದವನೇ ಸಾಲು ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಹೋದ.

"ಲೇ! ನೀನಾ? ಎದೆ ಒಡ್ಸಿಬಿಟ್ಟೆಯಲ್ಲೋ. ಇದೇನ್ಲಾ ತಲೆ?"

ವಿಷಯ ಹೇಳಿದೆ. ಅವನು ಗಂಟು ಈಸಿಕೊಂಡ. "ಆ ಗೋಡೆ ಮುಂದೆ ಇಟ್ಟು ಬತ್ತೀನಿ," ಅಂದ. ಕೇಜಿನ ಬಾಗಿಲು ಬಿತ್ತು, ಗಂಟೆ ಹೊಡೆಯಿತು, ಹಗ್ಗ ಓಡಿತು. ಪಕ್ಕದ ಕಂಡಿಯಲ್ಲಿ ಇನ್ನೊಂದು ಕೇಜು ಮೇಲೆ ಬರುವ ತನಕ ನಾನು ಅಲ್ಲೇ ನಿಂತಿದ್ದೆ. ಬಂತು. ಖಾಲಿಯಿತ್ತು.

ಕಪ್ಪು ತಲೆಯಲ್ಲಿ ಮತ್ತೆ ಅಮ್ಮನ ಮುಂದೆ ನಿಲ್ಲುವಂತಿರಲಿಲ್ಲ, ರೈಲಿನಲ್ಲಿ ಬಂಗಾರಪೇಟೆಗೆ ಹೋಗುವಾಗ ನನ್ನ ಮುಂಗೈ ಮೇಲೆ ಕಣ್ಣು ಬಿತ್ತು. ಹೋದ ವರ್ಷ ಸಲಾಕೆ ತಗುಲಿ ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲಿ ಬುರುಗು ಬರುವ ಔಷಧಿ ಹಾಕಿ ತೊಳೆಯುತ್ತಿದ್ದರು. ನೀರಿನಂತೆ ಇರುತ್ತೆ, ಗಾಯಕ್ಕೆ ಬಿದ್ದರೆ ಬುಸ್ ಅಂತ ನೊರೆ ಏಳುತ್ತೆ. ಆ ಗಾಯದ ಸುತ್ತಲಿನ ಕರಿ ರೋಮ ಆಗ ತಾಮ್ರದ ಬಣ್ಣಕ್ಕೆ ತಿರುಗಿದ್ದು ನೆನಪಾಯಿತು. ಬಂಗಾರಪೇಟೆ ಸ್ಟೇಷನ್ನಿನಿಂದ ನೇರ ಔಷಧಿ ಅಂಗಡಿಗೆ ಹೋಗಿ ಅದೇ ಬಾಟಲಿ ತಗೊಂಡೆ. ಏನಕ್ಕೆ ಅಂತ ಕೇಳಿದ. ಗಾಯಕ್ಕೆ ಅಂದೆ.

ನನ್ನ ಬಾಯಿಂದ ಎಲ್ಲಾ ಕೇಳಿ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಅವಳು ಅಣ್ಣನನ್ನ ನೋಡಿದವಳಲ್ಲ.

"ಹಂಗಾದ್ರೆ ನಿಮ್ಮಣ್ಣ ಹಿಂಗಿದ್ರಾ," ಅಂದಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಚೆನ್ನಾಗಿದ್ರು," ಅಂದಳು.

ಹಿತ್ತಲ ಕಲ್ಲಿನ ಮೇಲೆ ಕೂತೆ. ಅವಳು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಳು, ನನ್ನ ಹಣೆಗೂ ಕಿವಿಗೂ ಸವರಿದಳು, ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿದಳು. ಔಷಧಿಗೆ ನೀರು ಬೆರೆಸಿ ಮೊದಲು ಕತ್ತಿನ ಹಿಂದಿನ ಒಂದು ಕುಚ್ಚಿಗೆ ಮಾತ್ರ ಹತ್ತಿಯಲ್ಲಿ ಹಚ್ಚಿ ನೋಡಿದೆವು. ಬುಸಬುಸ ಸದ್ದು. ಸ್ವಲ್ಪ ಹೊತ್ತಿಗೆ ಅವಳು, "ಕೆಂಪಾಯ್ತು ರೀ!" ಅಂತ ಕೂಗಿದಳು. ಆಮೇಲೆ ತಲೆಗೆಲ್ಲ ಹಚ್ಚುವುದು, ಇಳಿಬಿಸಿಲಲ್ಲಿ ಕೂರುವುದು, ತೊಳೆಯುವುದು, ಎಣ್ಣೆ ಸವರುವುದು, ಮತ್ತೆ ಹಚ್ಚುವುದು. ಸೌಳು ಸುಟ್ಟ ಜಾಗಕ್ಕೆ ಬಿದ್ದರೆ ಪ್ರಾಣ ಹೋದ ಹಾಗೆ ಉರಿಯುತ್ತಿತ್ತು. ನಾನು ಹಲ್ಲು ಕಚ್ಚಿದೆ. ಕಣ್ಣು ಕಟ್ಟಿದ್ದ ಆ ಕತ್ತಲೆಯಲ್ಲಿ, ಕಿವಿಯ ಪಕ್ಕದ ಬುಸಬುಸ ಸದ್ದು ಯಾರೋ ಹತ್ತಿರ ಕೂತು ಪಿಸುಗುಟ್ಟಿದ ಹಾಗಿತ್ತು. ಮಾತು ತಿಳಿಯುತ್ತಿರಲಿಲ್ಲ.

"ಯಾರಾದ್ರೂ ಮಾತಾಡಿದ್ರಾ?" ಅಂತ ಕೇಳಿದೆ.

"ಇಲ್ವಲ್ಲಾ," ಅಂದಳು. ಆದರೆ ಅವಳ ಕೈ ಒಂದು ಗಳಿಗೆ ನಿಂತಿತು.

ಕಪ್ಪು ತುಕ್ಕಾಯಿತು, ತುಕ್ಕು ತಾಮ್ರವಾಯಿತು, ತಾಮ್ರ ಒಣ ಹುಲ್ಲಾಯಿತು. ಬಿಳಿ ಆಗಲೇ ಇಲ್ಲ. ಹೆಂಡತಿ ಬಟ್ಟೆ ಬಿಚ್ಚಿ ದೂರ ನಿಂತು ನೋಡಿದಳು.

"ತೆಂಗಿನ ನಾರಿನಂಗಾಗಿದೆ. ಯಾರಾದ್ರೂ ಪಾತ್ರೆ ಉಜ್ಜೋಕೆ ಕಿತ್ಕೊಂಡ್ ಓಗ್ತಾರೆ, ಉಷಾರು." ಆವತ್ತು ಅವಳು ನಕ್ಕದ್ದು ನನಗೆ ಬೇಜಾರಾಗಲಿಲ್ಲ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, "ಈಗ ನೀವು ನೀವೇ," ಅಂದಳು.

ಮಾರನೇ ಬೆಳಗ್ಗೆಯ ಮೊದಲ ರೈಲಿಗೆ ಬಂದೆ. ಬೀದಿ ತುದಿಯಲ್ಲಿ ಪಕ್ಕದ ಮನೆಯ ಅಕ್ಕ ಕಾದಿದ್ದಳು. "ನೀನು ಓದ ಮೇಲೆ ನೀರೂ ಕುಡೀಲಿಲ್ಲ ತಂಬಿ. ಬಾಗ್ಲಿಂದ ಏಳ್ಲಿಲ್ಲ. ಬೇಗ ನಡಿ," ಅಂದಳು. ಅಮ್ಮ ಬಾಗಿಲ ಕಂಬಕ್ಕೆ ಒರಗಿ ಕೂತಿದ್ದಳು, ತುಟಿ ಬಿರುಕು ಬಿಟ್ಟಿತ್ತು. ಎಳೆ ಬಿಸಿಲು ನನ್ನ ತಲೆಯ ಮೇಲೆ ಬೀಳುವ ಹಾಗೆ ಟವೆಲು ತೆಗೆದು ನಡೆದೆ. ಶಾಫ್ಟಿನ ಕಡೆಯಿಂದ ಗಂಟೆ ಕೇಳಿಸಿತು. ಅವಳು ಮುಖ ಎತ್ತಿದಳು.

"ಚಿಕ್ಕೋನು," ಅಂದಳು. ಕರೆದದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು.

ನಾನು ಕೂತು ತಲೆ ಬಗ್ಗಿಸಿದೆ. ಅವಳು ಬೆರಳಾಡಿಸಿದಳು. ಉದುರಲು ಅಲ್ಲಿ ಏನೂ ಇರಲಿಲ್ಲ. ಒರಟು ಕೂದಲನ್ನ ಚಿವುಟಿ ನೋಡಿದಳು, ಸುಟ್ಟ ಜಾಗ ಮುಟ್ಟಿದಳು.

"ಕೆಳಗೆ ಬಿಸಿ ಭಾಳ ಅಲ್ವಾ? ಕೂದ್ಲೆಲ್ಲ ಸುಟ್ಟೋಗದೆ."

"ಊಂ."

"ಉಣ್ಣಾಕೆ ಆಕ್ಲಾ?"

"ನೀನೂ ಉಣ್ಣು, ಇಬ್ರೂ ಉಣ್ಣೋಣ."

ಅಕ್ಕ ಗಂಜಿ ತಂದುಕೊಟ್ಟಳು. ಅಮ್ಮ ಕುಡಿದಳು. ನಿಧಾನಕ್ಕೆ, ಮೊದಲು ಒಂದು ಗುಟುಕು, ಆಮೇಲೆ ಇನ್ನೊಂದು. ಅರ್ಧ ಲೋಟ ಆದ ಮೇಲೆ ನಿಲ್ಲಿಸಿ ಕೇಳಿದಳು:

"ದಾರೀಲಿ ಸಿಕ್ದನಾ?"

ಎರಡು ಕೇಜುಗಳು ಶಾಫ್ಟಿನ ನಡುವೆ ಒಂದನ್ನೊಂದು ದಾಟುತ್ತವೆ. ಒಂದು ಕ್ಷಣ ಎದುರು ಕೇಜಿನವರ ದೀಪ ಕಾಣುತ್ತೆ, ಅಷ್ಟೇ. ಅವಳು ಕೇಳುತ್ತಿದ್ದದ್ದು ಅದನ್ನ.

"ಸಿಕ್ದ."

"ಅಳ್ತಿದ್ನಾ?"

"ಇಲ್ಲಮ್ಮಾ. ನಗ್ತಿದ್ದ. ಎಡಗೈ ಎತ್ತಿ ತೋರ್ಸ್ದ."

ಎಡಗೈ ಅಂತ ಯಾಕೆ ಅಂದೆನೋ. ಅವಳು ತಲೆಯಾಡಿಸಿದಳು. ಗಂಜಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು. "ಈ ಸಲ ಪಿತೃಪಕ್ಷದಲ್ಲಿ ಅವನಿಗೂ ಒಂದು ಎಲೆ ಆಕು," ಅಂದಳು. "ನಾನೇ ಕಳಿಸ್ದೋಳು. ನಾನೇ ಇಡ್ತೀನಿ."

ಎರಡು ದಿನದ ಮೇಲೆ ಆ ಹಳಬ ಕುಲುಮೆಗೆ ಬಂದು ಗಂಟಿನ ಬಟ್ಟೆ ವಾಪಸ್ ಕೊಟ್ಟ. ಮುದ್ದೆ ಇರಲಿಲ್ಲ. "ಇಲಿ ತಿಂದಿರ್ತವೆ," ಅಂದ. ಬಟ್ಟೆ ನಾಲ್ಕು ಮಡಿಕೆ ಮಡಿಸಿತ್ತು. ಮಡಿಸಿದ್ದು ನೀನಾ ಅಂತ ಕೇಳಿದೆ. ಶಿಫ್ಟಿಗೆ ಹೊತ್ತಾಯಿತು ಅಂತ ಹೊರಟುಹೋದ.

ಪಿತೃಪಕ್ಷದಲ್ಲಿ ಅಪ್ಪನ ಎಲೆಯ ಪಕ್ಕ ಅಣ್ಣನ ಎಲೆ ಬಿತ್ತು. ಹುರುಳಿ ಸಾರು ಅಮ್ಮನೇ ತಡಕಾಡಿ ಬಡಿಸಿದಳು. ಅದಕ್ಕೆ ಮೊದಲೇ ಬಂಗಾರಪೇಟೆಯಲ್ಲಿ ಹೆಣ್ಣು ಮಗು ಹುಟ್ಟಿತ್ತು. ಅಮ್ಮ ಅದನ್ನ ಮಡಿಲಲ್ಲಿ ಹಾಕಿಕೊಂಡು ಇನ್ನೂ ನಾಲ್ಕು ವರ್ಷ ಬಾಳಿದಳು. ಆ ಹುಲ್ಲು ಬಣ್ಣ ಬೆಳೆದು ಬೆಳೆದು ತುದಿಗೆ ಹೋಯಿತು. ಹೆರಿಗೆಯಾದ ಮೇಲೆ ಹಜಾಮ ತಾನೇ ಕರೆದು ಕೂರಿಸಿ ಅದನ್ನ ಕತ್ತರಿಸಿ ಹಾಕಿದ. ಆಮೇಲೆ ನನ್ನನ್ನ ಯಾರು ಏನು ಅಂದರೂ ನಾನು ತಲೆಗೆ ಏನೂ ಹಚ್ಚಲಿಲ್ಲ.

ಈಗ ನನಗೆ ಇರುವುದು ಇಷ್ಟು: ಬಂಗಾರಪೇಟೆಯಲ್ಲಿ ನಾನೇ ಕಟ್ಟಿದ ಎರಡು ಕೋಣೆಯ ಮನೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಐದು ಮೊಮ್ಮಕ್ಕಳು, ಒಂದು ಸೀಮೆಹಸು, ಒಂದು ನುಗ್ಗೆಮರ, ಒಂದು ಸೈಕಲ್ಲು.